ಹಣಿ ತುಂಬೈತಿ

ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗಾದರೂ ಒಂದು ಕೆಲಸ ಹೇಳಿ ನೋಡಿ. ಮಾಡಲು ಮನಸ್ಸಿಲ್ಲದವರು ‘ಹಣಿ ತುಂಬೈತಿ’ ಎಂದು ಎದ್ದು ಹೋಗುತ್ತಾರೆ. ಹೊಸದಾಗಿ ಬಂದ ಸೊಸೆಯೊಬ್ಬಳು ಅದನ್ನು ತಲೆನೋವೆಂದು ತಿಳಿದು ಶುಂಠಿ ಅರೆದು ತಂದದ್ದೂ ಇದೆ. ತಲೆನೋವೂ ಅಲ್ಲ, ಹಣೆಬರಹವೂ ಅಲ್ಲ. ಅದು ನಮ್ಮಪ್ಪ ಹುಟ್ಟಿಸಿದ ಮಾತು. ಆ ಮಾತಿನ ದೆಸೆಯಿಂದ ನನ್ನ ಮದುವೆ ಇನ್ನೇನು ಹೊಸ್ತಿಲಲ್ಲೇ ಮುರಿದು ಬೀಳುವುದರಲ್ಲಿತ್ತು. ಅದನ್ನು ಹೇಳುವವಳು ಈಗ ನಾನೊಬ್ಬಳೇ ಉಳಿದಿರುವುದರಿಂದ ಹೇಳಿಬಿಡುತ್ತೇನೆ. ನಡುವೆ ಬಾಯಿ ಹಾಕಬೇಡಿ, ನನಗೆ ಸಿಟ್ಟು ಬರುತ್ತದೆ.

ಅಪ್ಪ ಆದೋನಿಯ ಹತ್ತಿ ಪೇಟೆಯಲ್ಲಿ ವ್ಯಾಪಾರಿ. ಪೇಟೆಯಲ್ಲಿ ಚುರುಕು, ಮನೆಯ ಬಾಗಿಲು ದಾಟಿ ಒಳಗೆ ಬಂದರೆ ಮಂಕು. ಅವ್ವ ಬೆಲ್ಲ ತರಲು ಹೇಳಿದರೆ ಬೇವಿನ ಕಡ್ಡಿ ತರುತ್ತಿದ್ದ. ಒಂದು ಸಲ ನಂದವರದಲ್ಲಿದ್ದ ನಮ್ಮ ದೊಡ್ಡಮ್ಮನನ್ನು ಕರೆದುಕೊಂಡು ಬಾ ಎಂದು ಬಂಡಿ ಕಟ್ಟಿಸಿ ಕಳಿಸಿದರು. ಅಲ್ಲಿ ಎಳೆಯ ಬದನೆಕಾಯಿ ಚೆನ್ನಾಗಿ ಕಂಡವಂತೆ. ಬಂಡಿ ತುಂಬ ಬದನೆಕಾಯಿ ಹೇರಿಕೊಂಡು ಸೀದಾ ಮನೆಗೆ ಬಂದ. ದೊಡ್ಡಮ್ಮ ಗಂಟು ಕಟ್ಟಿಕೊಂಡು ಗುಡಿ ಕಟ್ಟೆಯ ಮೇಲೆ ಹೊತ್ತು ಮುಳುಗುವವರೆಗೂ ಕೂತಿದ್ದಳು. ಆಕೆ ಅಪ್ಪನ ಜೊತೆ ಮಾತು ಬಿಟ್ಟದ್ದು ಬಹಳ ಕಾಲ. ಬದನೆಕಾಯಿ ಪಲ್ಯವನ್ನಂತೂ ಸಾಯುವತನಕ ಮುಟ್ಟಲಿಲ್ಲ.

ನೆನಪಿಟ್ಟುಕೊಳ್ಳಲು ಅಪ್ಪ ಮಾಡದ ಉಪಾಯವಿಲ್ಲ. ಧೋತರದ ಚುಂಗಿಗೆ ಗಂಟು ಹಾಕಿಕೊಂಡ. ಸಂಜೆ ಮಂಚದ ಮೇಲೆ ಕೂತು ಗಂಟುಗಳನ್ನು ಒಂದೊಂದಾಗಿ ಹಿಸುಕಿ ನೋಡುತ್ತಿದ್ದ. ಯಾವ ಗಂಟು ಯಾವ ಕೆಲಸದ್ದೆಂದು ಹೊಳೆಯುತ್ತಿರಲಿಲ್ಲ. ಜೇಬಿನಲ್ಲಿ ಹುಣಸೆ ಬೀಜ ಹಾಕಿಕೊಂಡ, ಯೋಚನೆ ಮಾಡುತ್ತಾ ತಿಂದುಬಿಟ್ಟ. ಚೀಟಿ ಬರೆದುಕೊಂಡ, ಚೀಟಿ ಎಲ್ಲಿಟ್ಟೆ ಎಂಬುದನ್ನು ನೆನಪಿಡಲು ಇನ್ನೊಂದು ಚೀಟಿ ಬೇಕಾಯಿತು. ಅವ್ವ ರೋಸಿಹೋಗಿ, “ನಿಮಗ ಒಂದು ಕೆಲಸ ಹೇಳೋದಕ್ಕಿಂತ ನಾನ ಹತ್ತು ಮಾಡೋದು ಬೇಷಿ” ಎಂದು ಕೈ ಚೆಲ್ಲಿಬಿಟ್ಟಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಸ್ನಾನ ಮಾಡಿ, ದೇವರ ಕೋಣೆಯ ಗೋಡೆಗೆ ತೂಗುಹಾಕಿದ್ದ ಸಣ್ಣ ಕನ್ನಡಿಯ ಮುಂದೆ ವಿಭೂತಿ ಹಚ್ಚಿಕೊಳ್ಳಲು ಕೂತ ಅಪ್ಪನ ಕೈ ಹಾಗೆಯೇ ನಿಂತುಹೋಯಿತು. ನಾವು ಶೈವರ ಮನೆಯವರು. ಹಣೆಗೆ ಮೂರು ಗೆರೆ ಹಚ್ಚದೆ ನೀರನ್ನೂ ಬಾಯಿಗೆ ಬಿಡುತ್ತಿರಲಿಲ್ಲ. ಮೂರು ಬೆರಳು ಬೂದಿಯಲ್ಲಿ ಅದ್ದಿ ಎಡದಿಂದ ಬಲಕ್ಕೆ ಒಂದೇ ಸಲ ಎಳೆದುಬಿಟ್ಟರೆ ಆಯಿತು. ಅವತ್ತು ಅಪ್ಪ ಹಾಗೆ ಎಳೆಯಲಿಲ್ಲ. ಒಂದೇ ಬೆರಳು ಅದ್ದಿ, ಒಂದೇ ಗೆರೆ ಎಳೆದು, “ಅಂಗಡಿ ಬೀಗ ರಿಪೇರಿ” ಎಂದ. ಇನ್ನೊಂದು ಎಳೆದು, “ಮನಿಗೆ ಹುಣಸಿಹಣ್ಣು” ಎಂದ. ಮೂರನೆಯದು ಎಳೆದು, “ಬಂಡಿ ಸಾಬಗ ನಾಳೆ ಬಾ ಅನ್ನಬೇಕು” ಎಂದ. ಮಂತ್ರ ಬದಲಾಯಿತೇನೋ ಎಂದು ಅವ್ವ ಅಡುಗೆಮನೆಯಿಂದ ಇಣುಕಿ ನೋಡಿದಳು.

ಅವತ್ತು ಸಂಜೆ ಅಪ್ಪ ಮೂರೂ ಕೆಲಸ ಮುಗಿಸಿಕೊಂಡು ಬಂದ. ನಮ್ಮ ಮನೆಯಲ್ಲಿ ಅದೊಂದು ಹಬ್ಬದ ಸುದ್ದಿ. ಆದರೆ ಹಣೆ ಬೋಳಾಗಿತ್ತು.

“ಏನ್ರಿ ಇದು, ವಿಭೂತಿ ಒರಸಿಕೊಂಡು ಬಂದೀರಲ್ಲ?” ಎಂದಳು ಅವ್ವ.

“ಒರಸಿಲ್ಲ. ಒಂದು ಕೆಲಸ ಮುಗದ್ರ ಒಂದು ಗೆರಿ ಕೊಳ್ಳಿಗೆ ಇಳಿಸೀನಿ. ನೋಡಿಲ್ಲಿ.” ಅಪ್ಪ ಕತ್ತು ಚಾಚಿ ತೋರಿಸಿದ. ಕುತ್ತಿಗೆಯೆಲ್ಲ ಬೂದಿ. “ಕನ್ನಡಿ ನೋಡಿದ್ರ ಇನ್ನ ಎಷ್ಟು ಕೆಲಸ ಐತಿ ಅಂತ ತಿಳಿತೈತಿ. ಹಣಿ ಕಳಕೊಂಡು ಬರಾಕ ಆಗಂಗಿಲ್ಲಲ್ಲ.”

ಅವ್ವ ಅವತ್ತು ಊಟ ಮಾಡಲಿಲ್ಲ. ಮರುದಿನ ಮಠದ ಅಯ್ಯನವರಲ್ಲಿಗೆ ಹೋಗಿ ದೂರು ಹೇಳಿದಳು. ಅವರು ಗಡ್ಡ ಸವರಿಕೊಂಡು, “ಬೂದಿ ಮೈ ಬಿಟ್ಟು ಹೋಗಿಲ್ಲಲ್ಲ ತಾಯಿ, ಇರ್ಲಿ ಬಿಡು” ಎಂದರಂತೆ. ಆಕೆ ಮೆಟ್ಟಿಲಿಳಿಯುವಾಗ ಮತ್ತೆ ಕರೆದು, “ನಮ್ಮ ಮಠದ ಮಾಳಿಗಿ ಸೋರತೈತಿ, ನಾಳಿಗೆ ಅದಕ್ಕೊಂದು ಗೆರಿ ಹಾಕ್ಕೋ ಅನ್ನು” ಎಂದೂ ಸೇರಿಸಿದರಂತೆ. ಅಲ್ಲಿಗೆ ಅಪ್ಪನ ಪದ್ಧತಿಗೆ ಮಠದ ಅಪ್ಪಣೆಯೂ ಸಿಕ್ಕಂತಾಯಿತು.

ಕ್ರಮೇಣ ಗೆರೆಗಳಿಗೆ ಹಂಚಿಕೆಯಾಯಿತು. ಮೇಲಿನ ಗೆರೆ ಪೇಟೆಯ ಕೆಲಸಕ್ಕೆ. ನಡುವಿನದು ಮನೆಯ ಕೆಲಸಕ್ಕೆ. ಕೆಳಗಿನದು ಬಾಯಿಯ ಕೆಲಸಕ್ಕೆ, ಅಂದರೆ ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಅದಕ್ಕೆ. ನಾಲ್ಕನೆಯ ಕೆಲಸವನ್ನು ಅಪ್ಪ ಜಪ್ಪಯ್ಯ ಅಂದರೂ ಒಪ್ಪಿಕೊಳ್ಳುತ್ತಿರಲಿಲ್ಲ. “ಹಣಿ ತುಂಬೈತಿ” ಎನ್ನುತ್ತಿದ್ದ. ದೊಡ್ಡ ಹಣೆಯವನಾಗಿದ್ದರೂ ಅಷ್ಟೇ. ಅವ್ವ ಬೆಳಿಗ್ಗೆ ಒಲೆಯ ಮುಂದೆ ಕೂತೇ ಹೊಂಚು ಹಾಕುತ್ತಿದ್ದಳು. ಅಪ್ಪನ ಬೆರಳು ಬೂದಿಗೆ ಇಳಿಯಿತೋ ಇಲ್ಲವೋ, ಅಲ್ಲಿಂದಲೇ ನಡುವಿನ ಗೆರೆಗೆ ಕೆಲಸ ಕೂಗುತ್ತಿದ್ದಳು. ಅರೆಗಳಿಗೆ ತಡವಾದರೆ ಅಪ್ಪ ಆ ಗೆರೆಯನ್ನು ಕ್ಷೌರಕ್ಕೋ ಚಪ್ಪಲಿ ಹೊಲಿಸುವುದಕ್ಕೋ ಕೊಟ್ಟುಬಿಡುತ್ತಿದ್ದ.

ಪೇಟೆಗೆ ಇದು ಗೊತ್ತಾಗಲು ತಡವಾಗಲಿಲ್ಲ. ಹತ್ತಿ ತಂದ ರೈತರು ಚೀಲ ಇಳಿಸುವ ಮುಂಚೆ ಅಪ್ಪನ ಹಣೆ ನೋಡುತ್ತಿದ್ದರು. “ಸಾಹುಕಾರೂ, ಪೈ ಗೀತ ಇಂಕಾ ಉಂದೇ” ಎಂದು ತೆಲುಗಿನಲ್ಲಿ ನಗುತ್ತಿದ್ದರು, ಮೇಲಿನ ಗೆರೆ ಇನ್ನೂ ಇದೆಯಲ್ಲ ಎಂದು. ಮೇಲಿನ ಗೆರೆ ಇದ್ದರೆ ಈ ಮನುಷ್ಯ ಇನ್ನೂ ಹತ್ತಿ ಕೊಂಡಿಲ್ಲ, ಕೊಳ್ಳಲೇಬೇಕು ಎಂದರ್ಥ. ಬೆಲೆ ಏರಿಸಿ ಕೂರುತ್ತಿದ್ದರು. ನಮ್ಮ ಪೇಟೆಯಲ್ಲಿ ಬೆಲೆ ಯಾರಿಗೂ ತಿಳಿಯಬಾರದೆಂದು ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವವರು. ಅಂಥ ಕಡೆ ಅಪ್ಪ ತನ್ನ ಗುಟ್ಟನ್ನು ಹಣೆಯ ಮೇಲೆ ಬರೆದುಕೊಂಡು ಹೋಗುತ್ತಿದ್ದ. ಕೊನೆಗೆ ರುಮಾಲನ್ನು ಹುಬ್ಬಿನವರೆಗೂ ಇಳಿಸಿ ಸುತ್ತಿಕೊಂಡು ಹೋಗತೊಡಗಿದ. ಎದುರಿಗೆ ಬಂದದ್ದು ಕಾಣದೆ ಎರಡು ಸಲ ಎತ್ತಿನ ಮೈಗೆ ಡಿಕ್ಕಿ ಹೊಡೆದನಂತೆ.

ಬೇಸಿಗೆಯ ಕಾಟ ಬೇರೆ. ಆದೋನಿಯ ಬಿಸಿಲು ನಿಮಗೆ ಗೊತ್ತಿದ್ದರೆ ಹೇಳಬೇಕಾಗಿಲ್ಲ. ಮಧ್ಯಾಹ್ನಕ್ಕೆ ಬೆವರಿಳಿದು ಗೆರೆಗಳು ತಾವೇ ಕರಗುತ್ತಿದ್ದವು. ಒಂದು ದಿನ ನಡುವಿನ ಗೆರೆ ಹಾಗೆ ಹೋಗಿಬಿಟ್ಟಿತ್ತು. ಕನ್ನಡಿ ನೋಡಿಕೊಂಡ ಅಪ್ಪ, ಕೆಲಸ ಮುಗಿಯಿತೆಂದು ನಿರಾಳವಾಗಿ ನಿದ್ದೆ ಮಾಡಿದ. ಅದು ಬಾವಿಗೆ ಹೊಸ ಹಗ್ಗ ತರುವ ಕೆಲಸ. ಅವ್ವ ಸಂಜೆ ಹಳೇ ಹಗ್ಗದಲ್ಲಿ ಕೊಡ ಇಳಿಸಿದಳು. ಮೇಲೆ ಬಂದದ್ದು ಹಗ್ಗ ಮಾತ್ರ.

“ಹಗ್ಗ ತರೋದು ಬೆವರಿಗೆ ಒಪ್ಪಿಸಿದ್ರೇನ್ರಿ?” ಎಂದು ಅವ್ವ ಬಾವಿಕಟ್ಟೆಯಿಂದಲೇ ಕೇಳಿದಳು. ಅಪ್ಪ ಅವತ್ತಿನಿಂದ ವಿಭೂತಿ ಗಟ್ಟಿಯನ್ನು ಗಂಧದ ಹಾಗೆ ತೇಯ್ದು ದಪ್ಪಗೆ ಹಚ್ಚಿಕೊಳ್ಳತೊಡಗಿದ.

ಇಷ್ಟೆಲ್ಲ ನಗೆಯ ನಡುವೆ ನಗಲಾರದ ಒಂದು ಗೆರೆಯೂ ಇತ್ತು. ಅದು ಕೆಳಗಿನದು. ನನಗೆ ಮದುವೆಯ ವಯಸ್ಸಾಗಿತ್ತು. ಅವ್ವನಿಗೆ ದೇವನಕೊಂಡದಲ್ಲಿ ಒಬ್ಬ ತಮ್ಮ, ನನ್ನ ಸೋದರಮಾವ. ನಮ್ಮ ಕಡೆ ಸೋದರಮಾವ ಇದ್ದರೆ ಬೇರೆ ಗಂಡು ಹುಡುಕುವವರು ಕಡಿಮೆ. ಅವ್ವ ದಿನಾ ಬೆಳಿಗ್ಗೆ, “ಕೆಳಗಿನ ಗೆರಿ ನಮ್ಮ ತಮ್ಮಗ. ಹುಡುಗಿ ಕೊಡ್ತೀವಿ ಅಂತ ಇವತ್ತರೆ ಮಾತು ಹೇಳಿ ಕಳಸ್ರಿ” ಎನ್ನುತ್ತಿದ್ದಳು. ಅಪ್ಪ ಗೆರೆ ಎಳೆದುಕೊಳ್ಳುತ್ತಿದ್ದ. ರಾತ್ರಿ ಮಲಗುವಾಗಲೂ ಆ ಗೆರೆ ಹಾಗೇ ಇರುತ್ತಿತ್ತು. ಯಾಕೆ ಹೇಳಲಿಲ್ಲವೋ ಅವನೂ ಬಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ. ಪ್ರತಿ ಸಂಜೆ ಅಪ್ಪ ಬಂದೊಡನೆ ನಾನು ನೀರಿನ ಚೆಂಬು ಕೊಡುವ ನೆವದಲ್ಲಿ ಅವನ ಹಣೆಯ ಕೆಳಭಾಗ ನೋಡುತ್ತಿದ್ದೆ. ಗೆರೆ ಇದ್ದರೆ ನನಗೆ ಅನ್ನ ಸೇರುತ್ತಿತ್ತು.

ಮಾಮ ಕೆಟ್ಟವನಲ್ಲ. ನನ್ನನ್ನು ಕಂಕುಳಲ್ಲಿ ಎತ್ತಿ ಆಡಿಸಿದವನು, ನನ್ನ ಮೂಗು ಒರೆಸಿದವನು. ಅದೇ ನನ್ನ ತಕರಾರು. ಮೂಗು ಒರೆಸಿದವನನ್ನು ಗಂಡ ಅಂತ ಹೇಗೆ ನೋಡುವುದು? ಜೊತೆಗೆ ಅವನ ಗೊರಕೆ. ಅವನು ನಮ್ಮ ಮನೆಗೆ ಬಂದು ಮಲಗಿದ ದಿನ ಪಕ್ಕದ ಮನೆಯವರು ಹಾಸಿಗೆ ಎತ್ತಿಕೊಂಡು ಮಾಳಿಗೆಯ ಇನ್ನೊಂದು ಮೂಲೆಗೆ ಹೋಗುತ್ತಿದ್ದರು.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಆಲೂರಿನಲ್ಲಿ ಒಂದು ಮದುವೆಗೆ ಹೋಗಿದ್ದಾಗ ನಾನು ಒಬ್ಬ ಹುಡುಗನನ್ನು ನೋಡಿದ್ದೆ. ಅಲ್ಲಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹೆಂಗಸರ ಪಂಕ್ತಿಗೆ ಮಜ್ಜಿಗೆ ಬಡಿಸುತ್ತಿದ್ದ. ಬಡಿಸುವ ಗಂಡಸರು “ಸಾಕಾ” ಎಂದು ಕೇಳುತ್ತಲೇ ಸುರಿದು ಮುಂದೆ ಹೋಗುತ್ತಾರೆ, ನೀವೂ ನೋಡಿರುತ್ತೀರಿ. ಇವನು “ಸಾಕಾ” ಎಂದು ಕೇಳಿ, ಉತ್ತರ ಬರುವವರೆಗೂ ನಿಲ್ಲುತ್ತಿದ್ದ. ಒಬ್ಬಳು ಮುದುಕಿ ಯೋಚನೆ ಮಾಡುತ್ತಾ ಕೂತಳು. ಇವನು ಬಗ್ಗಿದವನು ಬಗ್ಗಿಯೇ ನಿಂತ. ನನಗೆ ಹಿಡಿಸಿಬಿಟ್ಟ. ಅಷ್ಟಕ್ಕೇ ಏನು ಎಂದು ಕೇಳಿದರೆ, ಅಷ್ಟಕ್ಕೇ.

ದೇವರು ಕಣ್ಣು ಬಿಟ್ಟನೋ ಏನೋ, ಅದೇ ಮನೆಯಿಂದ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಹುಡುಗನ ತಂದೆ ಅಪ್ಪನಿಗೆ ಪೇಟೆಯಲ್ಲಿ ಪರಿಚಯ. ಅವ್ವ ಮುಖ ಗಂಟಿಕ್ಕಿದಳು. ಬರುವವರನ್ನು ಬೇಡ ಅನ್ನುವುದು ಮರ್ಯಾದೆಯಲ್ಲ, ಆದ್ದರಿಂದ ಹೂಂ ಅಂದಳು. ಹೂಂ ಅಂದವಳು ಸುಮ್ಮನಿರಲಿಲ್ಲ, ಅದೇ ದಿನಕ್ಕೆ ಮಾಮನನ್ನೂ ದೇವನಕೊಂಡದಿಂದ ಕರೆಸಿ ಜಗಲಿಯ ಮೇಲೆ ಕೂರಿಸಿದಳು. ಬಂದವರು ನೋಡಿ ತಿಳಿದುಕೊಳ್ಳಲಿ ಎಂದು.

ಅವತ್ತು ಅಪ್ಪನ ಹಣೆ ಹೀಗೆ ಹಂಚಿಕೆಯಾಗಿತ್ತು. ಮೇಲಿನದು, ಆಲೂರಿನ ಬಸ್ಸಿಗೆ ಹೋಗಿ ಬೀಗರನ್ನು ಕರೆತರುವುದು. ನಡುವಿನದು, ಸಕ್ಕರೆ. ಆಗ ಯುದ್ಧದ ಕಾಲ, ಸಕ್ಕರೆ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಿತ್ತು. ಕೆಳಗಿನದು, ಎದುರು ಮನೆಯವರಲ್ಲಿ ಬಾಯಿಬಿಟ್ಟು ಜಮಖಾನ ಕೇಳುವುದು. ಮಾಮನ ಗೆರೆಗೆ ಅವತ್ತೊಂದು ದಿನ ಜಾಗವಿರಲಿಲ್ಲ. ಅಪ್ಪ ಅವತ್ತಿನ ಹಾಗೆ ಯಾವತ್ತೂ ಕೆಲಸ ಮಾಡಿದ್ದಿಲ್ಲ. ಜಮಖಾನ ಬಂತು. ಸಕ್ಕರೆ ಬಂತು, ರವೆ ಉಂಡೆಯೂ ಆಯಿತು. ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು, ದಿನಾ ದಾರಿಯಲ್ಲಿ ಕೆಮ್ಮುತ್ತಾ ಕೂರುವಂಥದ್ದು, ಅವತ್ತು ಹೊತ್ತಿಗೆ ಮುಂಚೆ ಬಂತು.

ಅಪ್ಪ ಬೀಗರನ್ನು ಕರೆದುಕೊಂಡು ಬರುವುದನ್ನು ನಾನು ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಮುಂದೆ ಅಪ್ಪ, ಅವನ ಹಿಂದೆಯೇ ಹುಡುಗನ ಅಜ್ಜಿ, ಆಮೇಲೆ ಹುಡುಗನ ತಂದೆ, ಕೊನೆಗೆ ಹುಡುಗ. ಅಜ್ಜಿಯದು ಒಣಗಿದ ಮೈ, ನೆಟ್ಟಗಿನ ಬೆನ್ನು. ಹಣೆಯ ಮೇಲೆ ಸುಣ್ಣ ಬಳಿದಷ್ಟು ದಪ್ಪ ವಿಭೂತಿ. ಆ ಮನೆಯಲ್ಲಿ ಆಕೆ ಹೇಳಿದ್ದೇ ಮಾತು ಎಂದು ನಾವು ಕೇಳಿದ್ದೆವು. ಅಪ್ಪ ಹೊಸ್ತಿಲ ಮುಂದೆ ಬಂದು, ಬೀಗರನ್ನು ಮನೆ ಮುಟ್ಟಿಸಿದ ಸಮಾಧಾನದಲ್ಲಿ ಉಸಿರು ಬಿಟ್ಟು, ಹೆಬ್ಬೆರಳೆತ್ತಿ, ಹಣೆಯ ಕೊನೆಯ ಗೆರೆಯನ್ನು ಸರಕ್ಕನೆ ಬಳಿದು ಕುತ್ತಿಗೆಗೆ ಇಳಿಸಿದ.

ಅಜ್ಜಿ ನಿಂತಲ್ಲೇ ನಿಂತಳು.

“ಏನದು?” ಎಂದಳು.

“ಒಳಗ ಬರ್ರಿ ಅಮ್ಮಾರ” ಎಂದ ಅಪ್ಪ ನಗುತ್ತಾ. ಹಣೆ ಬೋಳು, ಸಾರಿಸಿದ ನೆಲದ ಹಾಗೆ.

“ನನ್ನ ಕಣ್ಣಾರೆ ಕಂಡೀನಿ. ಹೊಸ್ತಿಲ ಮುಂದ ನಿಂತು ವಿಭೂತಿ ಅಳಿಸಿದಿ. ಶಿವನ್ನ ಹೊರಗ ಬಿಟ್ಟು ಒಳಗ ಹೋಗೋ ಮನ್ಯಾಗ ನಾನು ನೀರು ಮುಟ್ಟಂಗಿಲ್ಲ.” ಆಕೆ ಹೊರಗಿನ ಜಗಲಿಯ ಮೇಲೆ, ಮಾಮನ ಪಕ್ಕದಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತುಬಿಟ್ಟಳು. “ಮುಂದಿನ ಬಸ್ಸು ಯಾವಾಗ ಐತಿ ಕೇಳು” ಎಂದು ಮಗನಿಗೆ ಹೇಳಿದಳು. ಹುಡುಗನ ತಂದೆ ತಲೆ ತಗ್ಗಿಸಿದರು. ಹುಡುಗ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಒಂದು ಕಾಲಿನದನ್ನು ಬಿಟ್ಟು ನಿಂತಿದ್ದ.

ಅವ್ವ ಬೇಕೆಂತಲೋ ಗಾಬರಿಯಿಂದಲೋ ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ತಂದು ಮಾಮನ ಮುಂದಿಟ್ಟಳು. ಅವನು ತಿನ್ನತೊಡಗಿದ. ಯಾರಾದರೂ ಸತ್ತಿದ್ದರೂ ಅವನು ತಿನ್ನುತ್ತಿದ್ದ.

ಅಪ್ಪ ದೇವರ ಕೋಣೆಗೆ ಓಡಿಬಂದ. ನಾನು ರೇಷ್ಮೆ ಸೀರೆಯುಟ್ಟು ಅಲ್ಲೇ ಮೂಲೆಯಲ್ಲಿ ನಿಂತಿದ್ದೆ. ಅವನು ಕನ್ನಡಿಯ ಮುಂದೆ ಕುಕ್ಕರಿಸಿ, ಬೂದಿಗೆ ನೀರು ಹಾಕಿ ಕಲಸಿ, ಬೆರಳು ಅದ್ದಿ, ಹಣೆಯ ಹತ್ತಿರ ತಂದು ನಿಲ್ಲಿಸಿದ. ಬೆರಳು ಮುಂದೆ ಹೋಗಲಿಲ್ಲ.

“ಎಳಿಯಪ್ಪಾ.”

“ಏನು ಕೆಲಸಂತ ಎಳೀಲವ್ವ?”

“ಕೆಲಸ ಬ್ಯಾಡ, ಸುಮ್ನ ಎಳಿ. ಆಕಿ ಬಸ್ಸು ಹತ್ತತಾಳ.”

“ಸುಮ್ನ ಹೆಂಗ ಎಳಿಯೋದು? ಸಂಜಿಗೆ ಕನ್ನಡಿ ನೋಡ್ತೀನಿ, ಮೂರು ಕೆಲಸ ಉಳದಾವ ಅನಸ್ತೈತಿ, ಯಾವುವು ಅಂತ ರಾತ್ರೆಲ್ಲ ಹುಡುಕಬೇಕಾಗತೈತಿ.” ಬೆರಳಿನಿಂದ ಬೂದಿ ನೀರು ತೊಟ್ಟಿಕ್ಕುತ್ತಿತ್ತು. ನಮ್ಮಪ್ಪ ನಾಟಕ ಮಾಡುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಆಗುತ್ತಿರಲಿಲ್ಲ. ಕೆಲಸವಿಲ್ಲದ ಗೆರೆ ಎಳೆಯುವುದನ್ನು ಅವನು ಮರೆತೇಬಿಟ್ಟಿದ್ದ.

ನನಗೆ ಅಳುವೂ ಬಂತು, ಅವನ ಬೆರಳು ಹಿಡಿದು ತಿರುವುವಷ್ಟು ಸಿಟ್ಟೂ ಬಂತು. ಆಗಿನ ಕಾಲದಲ್ಲಿ ಹೆಣ್ಣುಮಗಳು ತನ್ನ ಮದುವೆಯ ವಿಷಯ ಬಾಯಿ ಬಿಟ್ಟು ಹೇಳುವುದೆಂದರೆ ಮನೆತನದ ಮಾನ ಬೀದಿಗಿಟ್ಟಂತೆ. ಆದರೆ ಕೆಲಸ ಹೇಳಬಹುದಿತ್ತು. ದಿನಾ ಬೆಳಿಗ್ಗೆ ಆ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು.

“ಮ್ಯಾಲಿನ ಗೆರಿ” ಎಂದೆ. “ಆಲೂರಿನವರು ಹೂಂ ಅನ್ನಬೇಕು.”

ಅಪ್ಪ ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದ. ಮೇಲಿನ ಗೆರೆ ಎಳೆದ.

“ಕೆಳಗಿನ ಗೆರಿ. ಮಾಮಗ ಕೊಡಂಗಿಲ್ಲ ಅಂತ ಹೇಳಬೇಕು.”

ಕೆಳಗಿನ ಗೆರೆ ಎಳೆದ. ಅದನ್ನು ಸ್ವಲ್ಪ ಬೇಗನೆ ಎಳೆದ ಹಾಗಿತ್ತು.

“ನಡುವಿಂದು?”

ನಡುವಿನದಕ್ಕೆ ನನ್ನ ಬಳಿ ಕೆಲಸವಿರಲಿಲ್ಲ. ಬೇಕಾದದ್ದು ಎರಡೇ. ಹೊರಗೆ ಅಜ್ಜಿಯ ದನಿ ಕೇಳುತ್ತಿತ್ತು. ಆಲೂರು ಕಣ್ಣ ಮುಂದೆ ಬಂತು, ಅಲ್ಲಿ ಅಪ್ಪ ಇರುವುದಿಲ್ಲ ಎಂಬುದೂ ಆಗಲೇ ಹೊಳೆಯಿತು. ನಂದವರದ ಕಟ್ಟೆಯ ಮೇಲೆ ಗಂಟು ಹಿಡಿದು ಕೂತ ದೊಡ್ಡಮ್ಮ ನೆನಪಾದಳು. “ಕೊಟ್ಟ ಮ್ಯಾಲೆ ಆಗಾಗ ಬಂದು ನನ್ನ ನೋಡಿ ಹೋಗಬೇಕು. ಮರೀಬಾರದು” ಎಂದೆ.

ಅಪ್ಪ ಆ ಗೆರೆಯನ್ನು ನಿಧಾನವಾಗಿ, ಈ ಕಿವಿಯ ಹತ್ತಿರದಿಂದ ಆ ಕಿವಿಯ ಹತ್ತಿರದವರೆಗೆ ಎಳೆದ.

ಅವನು ಹೊರಗೆ ಹೋದ. ನಾನು ಬಾಗಿಲ ಹಿಂದೆ ನಿಂತೆ. ಅಜ್ಜಿ ಅವನ ಹಣೆಯನ್ನು ಮೇಲಿಂದ ಕೆಳಗೆ ನೋಡಿ, “ಆವಾಗ ಅಳಿಸಿದಿ, ಈವಾಗ ಯಾಕ ಹಚ್ಚಿಕೊಂಡು ಬಂದಿ?” ಎಂದಳು.

ಬೇರೆ ಯಾರಾದರೂ ಆಗಿದ್ದರೆ ಬೆವರಿತ್ತು, ಕೈ ತಾಗಿತು ಎಂದು ಏನೋ ಒಂದು ಸುಳ್ಳು ಹೇಳಿ ಪಾರಾಗುತ್ತಿದ್ದರು. ಸುಳ್ಳು ಹೇಳುವವನಿಗೆ ನೆನಪು ಗಟ್ಟಿಯಿರಬೇಕು. ಅಪ್ಪನಿಗೆ ಆ ಸೌಕರ್ಯವಿರಲಿಲ್ಲ. “ಆವಾಗಿನ ಮೂರು ಕೆಲಸ ಮುಗದಿದ್ದವ್ರಿ. ಇವು ಬ್ಯಾರೆ ಮೂರು” ಎಂದ. ಆಮೇಲೆ ಮರೆವಿನ ಕಥೆ, ಗಂಟಿನ ಕಥೆ, ಬದನೆಕಾಯಿ ಕಥೆ ಎಲ್ಲ ಹೇಳಿ, ಕುತ್ತಿಗೆಯ ಬೂದಿಯನ್ನೂ ತೋರಿಸಿದ.

“ಶಿವನ ಬೂದಿ ಮ್ಯಾಲೆ ಸಕ್ಕರಿ ಲೆಕ್ಕ ಬರಕೊಂತಿ?” ಅಜ್ಜಿಯ ಮುಖ ಬಿಚ್ಚಿಕೊಳ್ಳಲಿಲ್ಲ. “ಈಗಿನ ಮೂರು ಯಾವುವು?”

ನಾನು ಬಾಗಿಲ ಚಿಲಕ ಗಟ್ಟಿಯಾಗಿ ಹಿಡಿದುಕೊಂಡೆ. ಹೇಳಬೇಡಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪ ಬೆರಳಿಟ್ಟು ತೋರಿಸುತ್ತಾ ಹೇಳಿದ. “ಮ್ಯಾಲಿಂದು, ನೀವು ಹೂಂ ಅನ್ನಬೇಕು. ಕೆಳಗಿಂದು, ನಮ್ಮ ದೇವನಕೊಂಡದ ತಮ್ಮಗ ಹುಡುಗಿ ಕೊಡಂಗಿಲ್ಲ ಅಂತ ಹೇಳಬೇಕು.”

ಜಗಲಿಯ ಮೇಲೆ ಮಂಡಕ್ಕಿ ಅಗಿಯುವ ಸದ್ದು ನಿಂತಿತು. ಅಪ್ಪ ಏನೋ ಯೋಚಿಸಿದ. ಹೇಳಬೇಕಾದದ್ದನ್ನು ಹೇಳಿ ಆಯಿತಲ್ಲ. ಹೆಬ್ಬೆರಳೆತ್ತಿ ಕೆಳಗಿನ ಗೆರೆಯನ್ನು ಎಲ್ಲರ ಎದುರಿಗೇ ಕುತ್ತಿಗೆಗೆ ಇಳಿಸಿದ.

ಅವ್ವ ತಲೆಯ ಮೇಲೆ ಕೈ ಹೊತ್ತಳು. ಮಾಮ ತಟ್ಟೆಯನ್ನು ಪಕ್ಕಕ್ಕಿಟ್ಟ. ಈಗ ಜಗಳ, ಈಗ ಜಗಳ ಎಂದು ನಾನು ಕಣ್ಣು ಮುಚ್ಚಿದೆ. ಮಾಮ ಬಾಯೊಳಗಿನ ಮಂಡಕ್ಕಿ ನುಂಗಿ ಹೇಳಿದ. “ಅಪ್ಪಾ ತಂದಿ, ಬದುಕಿದೆ. ಅದನ್ನ ಹೇಳಾಕ ನಾನೂ ಎಷ್ಟು ಸಲ ಬಂದೀನಿ ಭಾವ. ನಾನು ಎತ್ತಿ ಆಡಿಸಿದ ಕೂಸದು, ಹೆಂಗ ಲಗ್ನ ಆಗಲಿ? ಬಂದಾಗೆಲ್ಲ ನೀನು ಹಣಿ ತುಂಬೈತಿ ಅಂದಿ. ನಾನು ವಾಪಸ್ ಹೋದೆ.”

ಹುಡುಗ ಉಳಿದ ಚಪ್ಪಲಿಯನ್ನೂ ಬಿಟ್ಟ. ನಾನದನ್ನು ನೋಡಿದೆ.

“ನಡುವಿಂದೇನು?” ಎಂದಳು ಅಜ್ಜಿ. ಆಕೆಯ ತುಟಿಯ ಒಂದು ತುದಿ ಅಲುಗುತ್ತಿತ್ತು.

“ಲಗ್ನ ಆದ ಮ್ಯಾಲೆ ಆಗಾಗ ಆಲೂರಿಗೆ ಬಂದು ಮಗಳನ್ನ ನೋಡಿ ಹೋಗಬೇಕಂತ.”

“ಯಾರು ಹಾಕಿದ ಕೆಲಸ ಇವು?”

“ಮಗಳು” ಎಂದ ಅಪ್ಪ. ಪುಣ್ಯಾತ್ಮ, ಅದನ್ನಾದರೂ ಮರೆಯಬಾರದಿತ್ತೇ.

“ಹೊರಗ ಬಾರವ್ವ” ಎಂದು ಅಜ್ಜಿ ಬಾಗಿಲ ಕಡೆ ತಿರುಗಿದಳು. ಕೈಯಲ್ಲಿ ತಟ್ಟೆಯಿಲ್ಲ, ತಲೆಯ ಮೇಲೆ ಸೆರಗು ಸರಿಯಿಲ್ಲ, ಹಾಗೇ ಹೋಗಿ ನಿಂತೆ. “ಮ್ಯಾಲಿಂದೂ ನೀನ ಹೇಳಿದ್ಯಾ?”

ಈಗ ಇಲ್ಲ ಅಂದರೆ ಜನ್ಮವಿಡೀ ಇನ್ಯಾರ ಗೊರಕೆಯೋ, ಯಾರಿಗೆ ಗೊತ್ತು. “ಹೂಂ” ಎಂದೆ.

ಅಜ್ಜಿ ನನ್ನನ್ನು ನೋಡಿದಳು, ಎರಡೇ ಗೆರೆ ಉಳಿದ ಹಣೆಯ ಅಪರಾಧಿಯನ್ನು ನೋಡಿದಳು. ಕುಡಿಯಲು ಕೊಡಿ ಎಂದು ಕೈ ಚಾಚಿದಳು. ಅವ್ವ ಓಡಿಹೋಗಿ ಪಾನಕ ತಂದುಕೊಟ್ಟಳು. ಆಕೆ ಒಂದು ಗುಟುಕು ಕುಡಿದು ಹೇಳಿದಳು. “ಮ್ಯಾಲಿಂದು ತೆಗಿಯಪ್ಪ. ಆ ಕೆಲಸ ಆತು. ನಡುವಿಂದು ಮಾತ್ರ ಯಾವತ್ತೂ ತೆಗಿಬ್ಯಾಡ. ಹಣಿ ಬೋಳು ಇರಬಾರದು.”

ನಮ್ಮ ಮನೆಯಲ್ಲಿ ವೀಳ್ಯ ಬದಲಾಯಿಸಿದ್ದು ಆಮೇಲೆ. ನನ್ನ ಪಾಲಿಗೆ ನಿಶ್ಚಯವಾದದ್ದು ಅಪ್ಪನ ಹೆಬ್ಬೆರಳು ಮೇಲಿನ ಗೆರೆಯನ್ನು ಇಳಿಸಿದಾಗಲೇ.

ಆಲೂರಿಗೆ ಹೋದ ಮೇಲೆ ಗೊತ್ತಾಯಿತು, ಅಜ್ಜಿ ಬೈದದ್ದು ಬಾಯಲ್ಲಿ ಮಾತ್ರ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಆಕೆಯೂ ತುಟಿ ಅಲುಗಿಸುತ್ತಿದ್ದಳು. ಶಿವನ ಹೆಸರೆಂದುಕೊಂಡಿದ್ದೆ. ಹತ್ತಿರ ಹೋಗಿ ಕೇಳಿದರೆ, “ಉಪ್ಪಿನಕಾಯಿ ಬಿಸಲಿಗೆ ಇಡೋದು, ಹೊಸ ಸೊಸಿಗೆ ಬಯ್ಯೋದು” ಎನ್ನುತ್ತಿದ್ದಳು. ಬಯ್ಯುವ ಗೆರೆ ಮಾತ್ರ ಮಧ್ಯಾಹ್ನದೊಳಗೆ ತಪ್ಪದೆ ಇಳಿದಿರುತ್ತಿತ್ತು. ನಾನು ಊಟಕ್ಕೆ ಕೂತಾಗ ನನ್ನ ಗಂಡ ಮಜ್ಜಿಗೆ ಬಡಿಸುತ್ತಾ ನನ್ನನ್ನೂ “ಸಾಕಾ” ಎಂದು ಕೇಳಿ ನಿಲ್ಲುತ್ತಿದ್ದರು. ಎಷ್ಟೋ ಸಲ ನಾನು ಬೇಕೆಂತ ಉತ್ತರ ತಡ ಮಾಡುತ್ತಿದ್ದೆ.

ಅಪ್ಪ ಮಾತು ತಪ್ಪಲಿಲ್ಲ. ಆಗಾಗ ಆ ಕೆಮ್ಮುವ ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದ. ಉಳಿದೆರಡು ಗೆರೆ ಪೇಟೆಯಲ್ಲೇ ಇಳಿಸಿ, ನಡುವಿನದೊಂದನ್ನೇ ಹೊತ್ತುಕೊಂಡು ಬರುತ್ತಿದ್ದ. ಎರಡು ಮಾತಾಡಿ, ಮಜ್ಜಿಗೆ ಕುಡಿದು ಹೋಗುತ್ತಿದ್ದ.

ಯುದ್ಧ ಮುಗಿದು ಒಂದೆರಡು ಬೇಸಿಗೆ ಕಳೆದಿದ್ದವು. ಒಂದು ಮಧ್ಯಾಹ್ನ ಬಾಗಿಲಲ್ಲಿ ಅಪ್ಪ ನಿಂತಿದ್ದ. ಚಪ್ಪಲಿ ಕೈಯಲ್ಲಿತ್ತು. ಒಳಗೆ ಬರಲಿಲ್ಲ. ಬೀದಿಯ ಕಡೆ ನೋಡುತ್ತಿದ್ದ, ಮತ್ತೆ ಮನೆಯ ಕಡೆ ನೋಡುತ್ತಿದ್ದ.

“ಅಲ್ಲವ್ವ, ಬಸ್ಸು ಹತ್ತಿದೆ, ಇಳಿದೆ, ಇಲ್ಲಿಗೆ ಬಂದೆ. ಯಾಕ ಬಂದೆ ಅನ್ನೋದ ತಿಳೀವಲ್ಲದು” ಎಂದ.

ನನಗೆ ಮೊದಲು ಬಂದದ್ದು ಸಿಟ್ಟೇ. ಸುಡುವ ಬಿಸಿಲಲ್ಲಿ ಬಂದು ಮಗಳ ಮುಂದೆ ನಿಂತು ಕೇಳುವ ಮಾತೇ ಇದು? ಆಮೇಲೆ ಅವನ ಮುಖ ನೋಡಿದೆ. ಅಷ್ಟು ಹೆದರಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಒಳಗೆ ಹೋಗಿ ಮೊಳೆಗೆ ಹಾಕಿದ್ದ ಕನ್ನಡಿ ತೆಗೆದುಕೊಂಡು ಬಂದು ಅವನ ಮುಂದೆ ಹಿಡಿದೆ. ಅಪ್ಪ ಬಗ್ಗಿ ಬಹಳ ಹೊತ್ತು ನೋಡಿದ. ಗೆರೆಯನ್ನು ಬೆವರು ಅರ್ಧ ತಿಂದಿತ್ತು, ಆದರೂ ಇತ್ತು.

“ನಡುವಿಂದು” ಎಂದ. ಮುಖ ಸಡಿಲವಾಯಿತು. “ಹಾಂ, ನಿನ್ನ ನೋಡಾಕ ಬಂದೀನಿ.”

ಆಮೇಲೆ ನನ್ನನ್ನು ನೋಡಿದ, ಹತ್ತಿ ನೋಡುವ ಹಾಗೆ, ಬೆಳಕಿಗೆ ತಿರುಗಿಸಿ. ನೋಡಿ ಆದ ಮೇಲೆ ಹಳೇ ರೂಢಿಯಂತೆ ಹೆಬ್ಬೆರಳನ್ನು ಹಣೆಯ ಕಡೆಗೆ ಎತ್ತಿದ. ನಾನು ಆ ಕೈಯನ್ನು ನಡುವೆಯೇ ಹಿಡಿದುಕೊಂಡೆ.

“ಇನ್ನಾ ಮುಗಿದಿಲ್ಲಪ್ಪಾ” ಎಂದೆ. “ಒಳಗ ಬಾ, ಊಟ ಮಾಡು.”